ಡೆಲ್ಲಿ ಜನಪಥ್‌ನ ಕಾಟೇಜ್ ಎಂಪೋರಿಯಂ ರಿವ್ಯೂ: ನಮ್ಮ ಮಂಗಳೂರಿನ ಕಮಲಾದೇವಿ ಬೆಳೆಸಿದ ಅಂಗಡಿ

ಡೆಲ್ಲಿಗೆ ಹೊರಟೋರು ಅಲ್ಲಿಂದ ಏನು ತರೋದು, ಎಲ್ಲಿ ತಗೊಂಡ್ರೆ ಮೋಸ ಆಗಲ್ಲ ಅಂತ ಕೇಳ್ತಾನೇ ಇರ್ತಾರೆ. ನನ್ನ ಉತ್ತರ ಒಂದೇ, ಜನಪಥ್‌ನಲ್ಲಿರೋ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ. ಜವಾಹರ್ ವ್ಯಾಪಾರ್ ಭವನ ಅಂತ ಕೇಳಿ, ಇಂಪೀರಿಯಲ್ ಹೋಟೆಲ್ ಎದುರು ಮರಳುಗಲ್ಲು ಹೊದಿಸಿದ ದೊಡ್ಡ ಕಟ್ಟಡ, ಜನಪಥ್ ಮೆಟ್ರೋದಲ್ಲಿ ಇಳಿದ್ರೆ ನಡ್ಕೊಂಡೇ ಹೋಗ್ಬಹುದು. ಮಹಡಿ ಮೇಲೆ ಮಹಡಿ, ಸೀರೆ, ಶಾಲು, ಕಾರ್ಪೆಟ್, ಹಿತ್ತಾಳೆ, ಮರದ ಕೆತ್ತನೆ, ಗೊಂಬೆ, ಪಿಂಗಾಣಿ, ಒಟ್ಟಲ್ಲಿ ದೇಶದ ಯಾವ ಮೂಲೇಲಿ ಕೈಯಲ್ಲಿ ಏನು ಮಾಡ್ತಾರೋ ಅದರಲ್ಲಿ ಸುಮಾರು ಪಾಲು ಒಂದೇ ಸೂರಿನ ಕೆಳಗೆ ಸಿಗತ್ತೆ. ಕೈಯಲ್ಲಿ ಟೈಮ್ ಇಟ್ಕೊಂಡು ಹೋಗಿ, ಓಡ್ತಾ ನೋಡೋ ಜಾಗ ಅಲ್ಲ ಇದು.

ಅಂಗಡಿ ರಿವ್ಯೂ ಅಂತ ಶುರು ಮಾಡಿದೀನಿ, ಆದ್ರೆ ಇದರಲ್ಲಿ ಮುಕ್ಕಾಲು ಪಾಲು ಒಬ್ಬ ಹೆಂಗಸಿನ ವಿಷ್ಯ ಬರತ್ತೆ, ಮೊದಲೇ ಹೇಳಿಬಿಡ್ತೀನಿ. ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ. ಸರ್ಕಾರ 1948ರ ಹೊತ್ತಿಗೆ ಶುರು ಮಾಡಿದ್ದ ಈ ಎಂಪೋರಿಯಂ 1952ರಲ್ಲಿ ಅವರ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕೈಗೆ ಬಂತು, ಇವತ್ತು ನಾವು ನೋಡೋ ರೂಪ ಬರೋಕೆ ಬುನಾದಿ ಬಿದ್ದಿದ್ದು ಆ ಕಾಲದಲ್ಲೇ. 1976ರಲ್ಲಿ ಅದು ಕೇಂದ್ರ ಸರ್ಕಾರದ ಕಾರ್ಪೊರೇಷನ್ ಆಯ್ತು. ಹೆಸರು ಕೇಳಿದ್ರೆ ಬಂಗಾಳದೋರು ಅನ್ಸತ್ತೆ, ಹುಟ್ಟಿದ್ದು ಮಂಗಳೂರಲ್ಲಿ, 1903ರ ಏಪ್ರಿಲ್ 3ಕ್ಕೆ, ಧಾರೇಶ್ವರ ಮನೆತನದ ಸಾರಸ್ವತ ಹುಡುಗಿ. ನಮ್ಮ ಕಡೆ ಜನಕ್ಕೆ ಅವರ ವಿಷ್ಯ ಇಷ್ಟು ಕಮ್ಮಿ ಗೊತ್ತಿರೋದು ನಂಗೆ ನಿಜವಾಗ್ಲೂ ಬೇಜಾರು.

ಮೊದಲು ಬಿದ್ರಿ ಕೌಂಟರ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ನಮ್ಮಮ್ಮ ಅಲ್ಲಿಂದ ಕದಲಲೇ ಇಲ್ಲ. ಅಮ್ಮ ಹುಟ್ಟಿ ಬೆಳೆದಿದ್ದು ಬೀದರ ಕಡೆ. ಒಂದು ಸಣ್ಣ ಡಬ್ಬಿ ಕೈಗೆ ತಗೊಂಡು ತಲೆಕೆಳಗೆ ಮಾಡಿ ನೋಡಿದ್ರು, ಆಮೇಲೆ ಹೆಬ್ಬೆರಳಿಂದ ಬಳ್ಳಿ ಡಿಸೈನ್ ಮೇಲೆ ನಿಧಾನಕ್ಕೆ ಸವರಿದ್ರು. "ನೋಡವಾ, ಬೆಳ್ಳಿ ತಂತಿ ಬೆರಳಿಗೆ ತಾಕಬಾರ್ದು, ನೆಲ ತಂತಿ ಎರಡೂ ಒಂದ ಸಮ ಇರಬೇಕು, ತಾಕ್ತು ಅಂದ್ರ ನಾಳಿಗೆ ಎದ್ದು ಬರ್ತೈತಿ" ಅಂದ್ರು. ಬಿದ್ರಿ ಸಾಮಾನು ಮಾಡೋದು ಹೀಗೆ, ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದು, ಉಳಿಯಲ್ಲಿ ಗೀರಿ, ಆ ಗೀರಿಗೆ ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಬೀದರ ಕೋಟೆ ಮಣ್ಣಿಗೆ ನವಸಾಗರ ಸೇರಿಸಿದ ನೀರಲ್ಲಿ ಹಾಕಿದ್ರೆ ಸತು ಮಾತ್ರ ಕಪ್ಪಾಗತ್ತೆ, ಬೆಳ್ಳಿ ಬೆಳ್ಳಗೇ ಉಳಿಯತ್ತೆ. "ನಮ್ಮ ಊರ ಸಾಮಾನು ಡೆಲ್ಲಿಗೆ ಬಂದು ಎಷ್ಟು ಮರ್ಯಾದಿಲೆ ಕುಂತೈತಿ ನೋಡು" ಅಂತ ಅಮ್ಮ ಎರಡೆರಡು ಸಲ ಅಂದ್ರು. ಆ ಮರ್ಯಾದೆ ತಾನಾಗೇ ಬಂದಿದ್ದಲ್ಲ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಕಮಲಾದೇವಿ ಅದರ ಮೊದಲ ಅಧ್ಯಕ್ಷೆ, ಊರೂರು ಸುತ್ತಿ, ಕಸುಬು ಬಿಟ್ಟು ಕೂಲಿಗೆ ಹೋಗೋ ಹಂತಕ್ಕೆ ಬಂದಿದ್ದ ಮನೆಗಳನ್ನ ಹುಡುಕಿ, ಕಲಿಸೋಕೆ ಸೆಂಟರ್ ಹಾಕಿಸಿ, ಮಾಡಿದ್ದನ್ನ ಮಾರೋಕೆ ಅಂಗಡಿ ತೋರಿಸಿದ್ರು. ಕರಕುಶಲಿಗಳಿಗೆ ರಾಷ್ಟ್ರ ಪ್ರಶಸ್ತಿ ಕೊಡೋ ಪದ್ಧತಿ 1965ರಲ್ಲಿ ಶುರುವಾಗಿದ್ದೂ ಅವರ ಕಾಲದಲ್ಲೇ. ಅದುವರೆಗೆ ಮಡಕೆ, ಬಟ್ಟೆ, ಗೊಂಬೆ ಮಾಡೋರ ಹೆಸರು ಯಾರೂ ಕೇಳ್ತಿರ್ಲಿಲ್ಲ.

ಕಮಲಾದೇವಿ ಜೀವನದಲ್ಲಿ ದೊಡ್ಡ ಸುದ್ದಿಯಾದ ಮೊದಲ ವ್ಯಾಪಾರ ಯಾವುದು ಗೊತ್ತಾ, ಉಪ್ಪು. 1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಹೆಂಗಸರನ್ನ ಉಪ್ಪಿನ ಸತ್ಯಾಗ್ರಹಕ್ಕೆ ಸೇರಿಸ್ಕೊಂಡಿರ್ಲಿಲ್ಲ, ಹೆಂಡದಂಗಡಿ ಪಿಕೆಟಿಂಗ್, ವಿದೇಶಿ ಬಟ್ಟೆ ಬಹಿಷ್ಕಾರ ಇವೇ ಹೆಂಗಸರ ಕೆಲಸ ಅಂತ ಅವರ ಲೆಕ್ಕ. ಕಮಲಾದೇವಿ ದಾರೀಲೇ ಹೋಗಿ ಅವರನ್ನ ಹಿಡಿದು, ಇದು ಸರಿ ಇಲ್ಲ ಅಂತ ವಾದ ಮಾಡಿ ಒಪ್ಪಿಸಿದ್ರು. ಆಮೇಲೆ ಮುಂಬೈ ಸಮುದ್ರ ತೀರದಲ್ಲಿ ಒಲೆ ಹಚ್ಚಿ ನೀರು ಕಾಯಿಸಿ ಕಾನೂನು ಮುರಿದ ಏಳು ಜನರಲ್ಲಿ ಇಬ್ಬರೇ ಹೆಂಗಸರು, ಒಬ್ಬರು ಅವಂತಿಕಾಬಾಯಿ ಗೋಖಲೆ, ಇನ್ನೊಬ್ಬರು ಇವರು. ಅಲ್ಲಿಗೇ ನಿಲ್ಲಿಸಲಿಲ್ಲ, ಉಪ್ಪಿನ ಪೊಟ್ಟಣ ಹಿಡ್ಕೊಂಡು ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್ ಒಳಗೆ ನುಗ್ಗಿ ಹರಾಜು ಹಾಕಿದ್ರು, ಕೋರ್ಟಿಗೆ ಹೋಗಿ ಮ್ಯಾಜಿಸ್ಟ್ರೇಟ್ ಮುಂದೆ ನಿಂತು ಸ್ವಾತಂತ್ರ್ಯದ ಉಪ್ಪು ತಗೋತೀರಾ ಅಂತ ಕೇಳಿದ್ರು. ಜೈಲಿಗೆ ಹಾಕಿದ್ರು, ಹತ್ತಿರ ಹತ್ತಿರ ಒಂದು ವರ್ಷ ಒಳಗಿದ್ರು. ಆಗ ಅವರ ವಯಸ್ಸು 27.

ಆ ವಯಸ್ಸಿಗೇ ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ಹುಡುಕಿದ್ರೆ ಮಂಗಳೂರಿನ ಆ ಮನೆಗೇ ಹೋಗ್ಬೇಕು. ತಂದೆ ಸರ್ಕಾರದಲ್ಲಿ ದೊಡ್ಡ ಹುದ್ದೇಲಿದ್ದೋರು, ಇವರಿಗೆ ಏಳು ವರ್ಷ ಇದ್ದಾಗ ತೀರಿಕೊಂಡ್ರು, ವಿಲ್ ಬರೆದಿರ್ಲಿಲ್ಲ. ಆಗಿನ ಕಾನೂನಿನ ಪ್ರಕಾರ ಆಸ್ತಿ ಪೂರ್ತಿ ತಂದೆಯ ಮೊದಲ ಹೆಂಡತಿ ಮಗನಿಗೆ ಹೋಯ್ತು, ಹೆಂಡತಿಗೂ ಹೆಣ್ಣುಮಕ್ಕಳಿಗೂ ತಿಂಗಳಿಗೆ ಇಷ್ಟು ಅಂತ ಜೀವನಾಂಶ ಮಾತ್ರ. ತಾಯಿ ಗಿರಿಜಾಬಾಯಿ ಆ ದುಡ್ಡೇ ಬೇಡ ಅಂದು ತವರಿಂದ ತಮಗೆ ಬಂದಿದ್ದರಲ್ಲೇ ಮಕ್ಕಳನ್ನ ಸಾಕಿದ್ರು. ಇದ್ದ ಮನೆ, ಓಡಾಡಿದ ಅಂಗಳ ಒಂದೇ ಸಲಕ್ಕೆ ತಮ್ಮದಲ್ಲ ಅಂತ ಆಗೋದು ಏಳು ವರ್ಷದ ಮಗೂಗೆ ಎಷ್ಟು ನಾಟಿರ್ಬೇಕು. ಈ ಕಾನೂನು ಬದಲಾಗೋಕೆ ಎಷ್ಟು ಕಾಲ ಹಿಡೀತು ನೋಡಿ, ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಿದ್ದು 1956ರಲ್ಲಿ, ಅದರಲ್ಲೂ ಪಿತ್ರಾರ್ಜಿತ ಆಸ್ತೀಲಿ ಹುಟ್ಟಿನಿಂದಲೇ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ನಮ್ಮ ಕರ್ನಾಟಕದಲ್ಲಿ ಜಾರಿಗೆ ಬಂದಿದ್ದು 1994ರಲ್ಲಿ, ದೇಶಕ್ಕೆಲ್ಲಾ 2005ರಲ್ಲಿ. ಕಮಲಾದೇವಿ 1988ರಲ್ಲೇ ತೀರಿಕೊಂಡಿದ್ರು.

ಮದುವೆ ವಿಷ್ಯಾನೂ ಹಂಗೇ. 14ನೇ ವಯಸ್ಸಿಗೆ, 1917ರಲ್ಲಿ, ಮದುವೆ ಮಾಡಿದ್ರು, ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ಈ ಹುಡುಗಿ ವಿಧವೆ. ಆಗಿನ ಕಾಲದ ಬ್ರಾಹ್ಮಣ ಮನೆಗಳಲ್ಲಿ ಬಾಲವಿಧವೆ ಅಂದ್ರೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಡುಗೆಮನೆ ಕತ್ತಲಲ್ಲಿ ಕೂರಿಸಿಬಿಡೋದು ಮಾಮೂಲು, ಅಂಥ ಅಜ್ಜಿಯಂದಿರ ಕಥೆ ನಮ್ಮ ಎಷ್ಟೋ ಮನೆಗಳಲ್ಲಿ ಇವೆ, ಹೇಳೋರು ಕಮ್ಮಿ ಅಷ್ಟೇ. ಇವರು ಮದ್ರಾಸಿಗೆ ಹೋಗಿ ಕ್ವೀನ್ ಮೇರೀಸ್ ಕಾಲೇಜು ಸೇರಿದ್ರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ ಪರಿಚಯ ಆಯ್ತು, ಅವರ ಮೂಲಕ ಅವರ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯ, ಕವಿ, ನಾಟಕದೋರು. ಮದುವೆ ಆದ್ರು. ವಿಧವೆ, ಅದರ ಮೇಲೆ ಬೇರೆ ಭಾಷೆ ಬೇರೆ ಜಾತಿ, ಮಂಗಳೂರಲ್ಲಿ ಎಷ್ಟು ಮಾತು ಬಂದಿರಬಹುದು ಯೋಚ್ನೆ ಮಾಡಿ. ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ 1856ರಲ್ಲೇ ಸಿಕ್ಕಿತ್ತು, ಊರಿನ ಒಪ್ಪಿಗೆ 60 ವರ್ಷ ಕಳೆದ್ರೂ ಸಿಕ್ಕಿರ್ಲಿಲ್ಲ. ಹುಡುಗೀರ ಮದುವೆಗೆ ಕನಿಷ್ಠ 14 ಅಂತ ಶಾರದಾ ಕಾಯ್ದೆ ಬಂದಿದ್ದು 1929ರಲ್ಲಿ, 18 ಅಂತ ಆಗಿದ್ದು 1978ರಲ್ಲಿ.

ಮುಂದೆ ಆ ಮದುವೇನೂ ಉಳೀಲಿಲ್ಲ, ಒಬ್ಬ ಮಗ ಇದ್ದ, ಆದ್ರೂ 30ರ ದಶಕದಲ್ಲಿ ಕೋರ್ಟಿಗೆ ಹೋಗಿ ಬೇರೆಯಾದ್ರು. ಹಿಂದೂ ವಿವಾಹ ಕಾಯ್ದೆ ಬಂದು ನಮ್ಮ ಹೆಂಗಸರಿಗೆ ವಿಚ್ಛೇದನದ ದಾರಿ ತೆರೆದಿದ್ದು 1955ರಲ್ಲಿ. ಈಗಲೂ ಡಿವೋರ್ಸ್ ಆದ ಹುಡುಗಿ ಬಾಡಿಗೆ ಮನೆ ಹುಡುಕೋಕೆ ಹೋದ್ರೆ ಓನರ್ ಆಂಟಿ ಕೇಳೋ ಪ್ರಶ್ನೆಗಳು ನಮಗೆಲ್ಲ ಗೊತ್ತು, ಅವರು ಆ ಕಾಲದಲ್ಲಿ ಮಗನ್ನ ಕಟ್ಕೊಂಡು, ಜೈಲಿಗೂ ಹೋಗ್ತಾ, ಭಾಷಣಾನೂ ಮಾಡ್ತಾ ಬದುಕಿದ್ರು.

ಎಲೆಕ್ಷನ್ ಕಥೆ ಹೇಳಲೇಬೇಕು. 1926ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಹೆಂಗಸರು ಚುನಾವಣೆಗೆ ನಿಲ್ಲಬಹುದು ಅಂತ ಆಯ್ತು. ಮಾರ್ಗರೆಟ್ ಕಸಿನ್ಸ್ ಅಂತ ಐರ್ಲೆಂಡಿನವರು, ಮಂಗಳೂರಲ್ಲಿ ಸ್ವಲ್ಪ ಕಾಲ ಟೀಚರ್ ಆಗಿದ್ದೋರು, ನಿಲ್ಲು ಅಂತ ಇವರನ್ನ ಹುರಿದುಂಬಿಸಿದ್ರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ, ಪಕ್ಷ ಇಲ್ಲ, ದುಡ್ಡಿಲ್ಲ, ವೋಟು ಇದ್ದಿದ್ದೇ ಆಸ್ತಿವಂತರಿಗೆ, ಅಂದ್ರೆ ಬಹುಪಾಲು ಗಂಡಸರಿಗೆ. ಅಷ್ಟಾದ್ರೂ ಸೋತಿದ್ದು ಕೂದಲೆಳೆ ಅಂತರದಲ್ಲಿ. ದೇಶದಲ್ಲಿ ಶಾಸನಸಭೆಗೆ ನಿಂತ ಮೊದಲ ಹೆಂಗಸು ಅಂತ ಇವರ ಹೆಸರೇ ಹೇಳ್ತಾರೆ. ಅದೇ ಕರಾವಳಿಯಲ್ಲಿ, ಇಡೀ ಕರ್ನಾಟಕದಲ್ಲಿ, 1987ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯ್ತಿ ಎಲೆಕ್ಷನ್ ಆದಾಗ ಹೆಂಗಸರಿಗೆ ನೂರಕ್ಕೆ 25 ಸೀಟು ಮೀಸಲು ಇತ್ತು, ಸೆರಗು ಹೊದ್ದ ಸಾವಿರಾರು ಹೆಂಗಸರು ಮೊದಲ ಸಲ ಕುರ್ಚಿ ಮೇಲೆ ಕೂತ್ರು. ಕಮಲಾದೇವಿ ಅದನ್ನ ನೋಡೋಕೆ ಬದುಕಿದ್ರು, 83 ವರ್ಷ ಆಗ. ನಂಗೆ ಇದು ನೆನೆಸಿಕೊಂಡ್ರೆ ತುಂಬಾ ಖುಷಿ ಆಗತ್ತೆ.

ಸಿನಿಮಾನೂ ಬಿಟ್ಟಿಲ್ಲ. ಮರ್ಯಾದಸ್ಥ ಮನೆ ಹೆಂಗಸರು ಸ್ಟೇಜ್ ಹತ್ತಬಾರದು ಅಂತ ಗಂಡಸರೇ ಸೀರೆ ಉಟ್ಟು ಪಾರ್ಟ್ ಮಾಡ್ತಿದ್ದ ಕಾಲ, ಇವರು ನಾಟಕಾನೂ ಆಡಿದ್ರು, 1931ರಲ್ಲಿ ಮೃಚ್ಛಕಟಿಕ ಕಥೆ ಇಟ್ಕೊಂಡು ಮೋಹನ ಭವನಾನಿ ತೆಗೆದ ಮೂಕಿ ಚಿತ್ರದಲ್ಲೂ ಇದ್ರು, ನಮ್ಮ ಟಿ.ಪಿ. ಕೈಲಾಸಂ ಕೂಡ ಅದರಲ್ಲಿ ಇದ್ರು. ಮುಂದೆ ಮಾಯಾ ರಾವ್ ಅವರ ಕಥಕ್ ಶಾಲೆ, ನಾಟ್ಯ ಇನ್‌ಸ್ಟಿಟ್ಯೂಟ್, 1964ರಲ್ಲಿ ಡೆಲ್ಲೀಲಿ ಶುರುವಾಗಿದ್ದೂ ಇವರ ಬೆಂಬಲದಿಂದ, ಆಮೇಲೆ ಅದು ಬೆಂಗಳೂರಿಗೆ ಬಂತು. 1941ರಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ರೈಲಲ್ಲಿ ಹೋಗ್ತಿದ್ದಾಗ ಬಿಳಿಯರ ಬೋಗಿಯಿಂದ ಏಳು ಅಂದ್ರೆ ಏಳಲಿಲ್ಲ, ನಾನೂ ಕಪ್ಪು ಜನರ ಪೈಕೀನೇ, ಆದ್ರೆ ಇಲ್ಲಿಂದ ಕದಲಲ್ಲ ಅಂತ ಕೂತೇ ಬಿಟ್ರು. ಭಾರತದವಳು ಅಂತ ಹೇಳ್ಕೊಂಡು ಸುಲಭಕ್ಕೆ ತಪ್ಪಿಸ್ಕೋಬಹುದಿತ್ತು, ಅದನ್ನ ಮಾಡ್ಲಿಲ್ಲ ನೋಡಿ, ಅದು ನಂಗೆ ದೊಡ್ಡದು ಅನ್ಸತ್ತೆ.

ಈಗ ಅಂಗಡಿ ಹೆಂಗೆ ಬಂತು ಅನ್ನೋದಕ್ಕೆ ಬರ್ತೀನಿ. ಸ್ವಾತಂತ್ರ್ಯ ಬಂದ ಮೇಲೆ ಮಂತ್ರಿಗಿರಿ, ರಾಜ್ಯಪಾಲಗಿರಿ ಅಂತ ಜನ ಸಾಲು ನಿಂತಿದ್ದಾಗ ಇವರು ಹೋಗಿ ಕೂತಿದ್ದು ನಿರಾಶ್ರಿತರ ಜೊತೆ. ದೇಶ ವಿಭಜನೆ ಆದಾಗ ಪಾಕಿಸ್ತಾನಕ್ಕೆ ಸೇರಿದ ವಾಯವ್ಯ ಗಡಿ ಪ್ರಾಂತ್ಯದಿಂದ ಎಲ್ಲಾ ಬಿಟ್ಟು ಬಂದ ಜನ, ಮನೆ ಇಲ್ಲ ಕೆಲಸ ಇಲ್ಲ. ಸರ್ಕಾರದ ಮುಂದೆ ಕೈ ಚಾಚಬಾರದು ಅನ್ನೋ ಷರತ್ತಿನ ಮೇಲೆ ಗಾಂಧೀಜಿ ಒಪ್ಪಿಗೆ ಕೊಟ್ಟಿದ್ರಂತೆ. ಸಹಕಾರಿ ಸಂಘ ಕಟ್ಟಿ, ಅವರ ಕೈಯಲ್ಲೇ ಮನೆ ಕಟ್ಟಿಸಿ, ಕಸುಬು ಕಲಿಸಿ, ಡೆಲ್ಲಿ ಪಕ್ಕದ ಫರೀದಾಬಾದ್ ಟೌನ್‌ಶಿಪ್ ಎದ್ದಿದ್ದು ಹೀಗೆ, 50,000ಕ್ಕೂ ಹೆಚ್ಚು ಜನಕ್ಕೆ ನೆಲೆ ಸಿಕ್ತು. ಆ ಸಹಕಾರಿ ಯೂನಿಯನ್ನೇ ಆಮೇಲೆ ಕಾಟೇಜ್ ಎಂಪೋರಿಯಂ ನಡೆಸಿದ್ದು. ಮಾಡೋರು ಒಂದು ಕಡೆ, ಕೊಳ್ಳೋರು ಇನ್ನೊಂದು ಕಡೆ, ಮಧ್ಯದಲ್ಲಿ ದಲ್ಲಾಳಿ ತಿಂದು ಹಾಕೋದು ತಪ್ಪಬೇಕು, ಇದು ಅವರ ಲೆಕ್ಕಾಚಾರ.

ಇಲ್ಲಿ ನಂಗೊಂದು ತಕರಾರಿದೆ. ಕಮಲಾದೇವಿ ಬಗ್ಗೆ ಬರೆಯೋರು ಸುಮಾರು ಜನ, ಸ್ವಾತಂತ್ರ್ಯ ಬಂದ ಮೇಲೆ ಅವರು ರಾಜಕೀಯ ಬಿಟ್ಟು ಕಲೆ, ಕರಕುಶಲ ಅಂತ ಹೋದ್ರು ಅಂತಾರೆ, ಏನೋ ರಿಟೈರ್ ಆಗಿ ಹವ್ಯಾಸ ಹಿಡಿದ್ರು ಅನ್ನೋ ಥರ. ನಂಗೆ ಅದು ಒಪ್ಪೋ ಮಾತಲ್ಲ. ಸ್ವಂತ ಅಂತ ಬಿಡಿಗಾಸಿಲ್ಲದಿದ್ರೆ ಹೆಂಗಸಿನ ಕೈಯಿಂದ ಮನೆ ಹೆಂಗೆ ಜಾರತ್ತೆ ಅಂತ ಏಳನೇ ವಯಸ್ಸಲ್ಲೇ ನೋಡಿದೋರು ಅವರು. ಕೈಕಸುಬಲ್ಲಿ ಅರ್ಧಕ್ಕರ್ಧ ಕೆಲಸ ಮಾಡೋರು ಹೆಂಗಸರೇ, ನೂಲು ಸುತ್ತೋದು, ಬಣ್ಣ ಹಾಕೋದು, ಕಸೂತಿ, ಎಲ್ಲಾ ಮನೆ ಒಳಗೆ ಕೂತು ಲೆಕ್ಕಕ್ಕೇ ಸಿಗದ ಹಾಗೆ ಮಾಡೋ ಕೆಲಸ. ಆ ಕೆಲಸಕ್ಕೆ ರೇಟ್ ಹಾಕಿ, ಚೀಟಿ ಅಂಟಿಸಿ, ರಾಜಧಾನಿ ಮಧ್ಯದಲ್ಲಿ ಮಾರೋಕೆ ಇಟ್ಟಿದ್ದು ಉಪ್ಪಿನ ಸತ್ಯಾಗ್ರಹದಷ್ಟೇ ರಾಜಕೀಯ ಅಂತ ನನ್ನ ನಂಬಿಕೆ.

ಹಾಗಾಗಿ ಅಲ್ಲಿ ಚೌಕಾಸಿ ಇಲ್ಲ, ಫಿಕ್ಸೆಡ್ ರೇಟು. ಪಕ್ಕದಲ್ಲೇ ಜನಪಥ್ ಬೀದಿ ಅಂಗಡಿ ಸಾಲು ಇರತ್ತೆ, ಅಲ್ಲಿ ಐನೂರು ಅಂದಿದ್ದು ನೂರೈವತ್ತಕ್ಕೆ ಇಳಿಯತ್ತೆ, ಆ ಲೆಕ್ಕದಲ್ಲಿ ಒಳಗೆ ಬಂದ್ರೆ ರೇಟ್ ನೋಡಿ ಶಾಕ್ ಆಗತ್ತೆ. ಆದ್ರೆ ಒಂದು ಜೈಪುರದ ನೀಲಿ ತಟ್ಟೆ ತಗೊಂಡು ನೋಡಿ, ಅದರಲ್ಲಿ ಜೇಡಿಮಣ್ಣೇ ಇಲ್ಲ, ಬಿಳಿಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಅಂಟು ಕಲಸಿ ಅಚ್ಚಲ್ಲಿ ಒತ್ತಿ ಕೈಯಲ್ಲಿ ಬಣ್ಣ ಬರೆದು ಸುಡ್ತಾರೆ, ಚಕ್ರದ ಮೇಲೆ ಮಡಕೆ ತಿರುಗಿಸಿದ ಹಾಗೆ ತಿರುಗಿಸೋಕೂ ಬರಲ್ಲ. 50ರ ದಶಕದಲ್ಲಿ ಹೆಚ್ಚುಕಮ್ಮಿ ನಿಂತೇ ಹೋಗಿದ್ದ ಕಸುಬು ಇದು, ಕಲಾವಿದ ಕೃಪಾಲ್ ಸಿಂಗ್ ಶೆಖಾವತ್ ಅದನ್ನ ಮತ್ತೆ ಎಬ್ಬಿಸಿದಾಗ ಬೆನ್ನ ಹಿಂದೆ ನಿಂತೋರಲ್ಲಿ ಕಮಲಾದೇವಿ ಒಬ್ಬರು. ಶ್ರೀಕಾಳಹಸ್ತಿ ಕಲಂಕಾರಿ ಕೂಡ ಅದೇ ಥರ, ಕಲಿಯೋಕೆ ಹುಡುಗ್ರೇ ಬರ್ತಿರ್ಲಿಲ್ಲ, ಮಂಡಳಿ ಕಡೆಯಿಂದ ಅಲ್ಲಿ ಟ್ರೈನಿಂಗ್ ಸೆಂಟರ್ ಹಾಕಿಸಿದ್ರು. ಬಟ್ಟೆನ ಅಳಲೆಕಾಯಿ ಪುಡಿ ಕಲಸಿದ ಹಾಲಲ್ಲಿ ಅದ್ದಿ ಒಣಗಿಸಿ, ಬಿದಿರು ಕಡ್ಡಿ ತುದಿಗೆ ಬಟ್ಟೆ ಸುತ್ತಿ ಅದನ್ನೇ ಪೆನ್ನು ಮಾಡ್ಕೊಂಡು, ಬೆಲ್ಲದ ನೀರಲ್ಲಿ ತುಕ್ಕು ಕಬ್ಬಿಣ ನೆನೆಸಿಟ್ಟ ಕಪ್ಪಿಂದ ಗೆರೆ ಎಳೀತಾರೆ. ಒಂದು ದುಪಟ್ಟಾ ಬಿಡಿಸಿ ಬೆಳಕಿಗೆ ಹಿಡಿದ್ವಿ, ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಕೂದಲಷ್ಟು ಸಣ್ಣ, ಬಟ್ಟೆ ಸುತ್ತಿದ ತುದಿ ಎಲ್ಲಿ ಒಣಗ್ತಾ ಬಂತು, ಮತ್ತೆ ಎಲ್ಲಿ ಅದ್ದಿದ್ರು ಅನ್ನೋದು ಕೂಡ ಗೊತ್ತಾಗತ್ತೆ. ಪ್ರಿಂಟ್ ಹಾಕಿದ ಕಲಂಕಾರೀಲಿ ಆ ಗೆರೆ ಉದ್ದಕ್ಕೂ ಒಂದೇ ಥರ ಇರತ್ತೆ, ಹಿಂದೆ ತಿರುಗಿಸಿದ್ರೆ ಇನ್ನೂ ಚೆನ್ನಾಗಿ ಗೊತ್ತಾಗತ್ತೆ.

ಈ ಥರದ ಅಸಲಿ ನಕಲಿ ವ್ಯತ್ಯಾಸ ಯಾಕೆ ಹೇಳ್ತಿದೀನಿ ಅಂದ್ರೆ ಬೇರೆ ಕಡೆ ಆದ ಅನುಭವ ಹಂಗಿದೆ. ಒಂದು ಆನ್‌ಲೈನ್ ಅಂಗಡಿಯಿಂದ ಚನ್ನಪಟ್ಟಣದ ಗೊಂಬೆ ಅಂತ ತರಿಸಿದ್ವಿ, ನಮ್ಮ ಅಕ್ಕನ ಮಗು ಬಾಯಿಗೆ ಹಾಕ್ಕೊಂಡಿದ್ದಕ್ಕೆ ಕೆಂಪು ಬಣ್ಣ ತುಟಿಗೆಲ್ಲಾ ಅಂಟಿತ್ತು, ಪೇಂಟ್ ಹೊಡೆದಿದ್ರು. ಅಸಲಿ ಚನ್ನಪಟ್ಟಣದ್ದು ಹಾಲೆ ಮರದ್ದು, ಚರಕಿ ಮೇಲೆ ತಿರುಗ್ತಿರೋ ಮರಕ್ಕೆ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡ್ಕೊಳ್ಳತ್ತೆ, ಮೇಲೆ ಕೇದಿಗೆ ಗರಿ ಹಿಡಿದು ಪಾಲಿಶ್ ಮಾಡ್ತಾರೆ, ಆ ಬಣ್ಣ ಹೀಗೆ ಎದ್ದು ಬರಲ್ಲ. ಇನ್ನೊಂದು ಸೀರೆ ಅಂಗಡೀಲಿ ಪವರ್‌ಲೂಮ್ ಸೀರೇನ ಕೈಮಗ್ಗದ ಇಳಕಲ್ ಅಂತ ಕೊಟ್ಟಿದ್ರು. ಅಮ್ಮ ಸೆರಗು ಮೈ ಕೂಡೋ ಜಾಗ ನೋಡಿ ಒಂದೇ ನಿಮಿಷಕ್ಕೆ ಹೇಳಿದ್ರು, ಟೋಪತೆನಿ ಸೆರಗಲ್ಲಿ ಸೆರಗಿನ ಹಾಸು ಎಳೆ ಮೈ ಹಾಸಿನ ಎಳೆಗೆ ಕೊಂಡಿ ಹಾಕಿ ಸೇರಿಸಿರ್ತಾರೆ, ಅದು ಇದ್ರೇನೇ ಇಳಕಲ್. ಇಂಥ ಗೊಂದಲ ಕಾಟೇಜಲ್ಲಿ ನಮಗೆ ಆಗ್ಲಿಲ್ಲ, ಯಾವ ಊರಿನ ಕೆಲಸ, ಯಾವ ನೂಲು ಅಂತ ಕೇಳಿದ್ರೆ ಕೌಂಟರ್‌ನೋರು ಸಮಾಧಾನದಿಂದ ಬಿಡಿಸಿ ಬಿಡಿಸಿ ತೋರಿಸಿದ್ರು, ತಗೊಳ್ಳದೆ ಎದ್ದು ಹೋದ್ರೂ ಮುಖ ಸಿಂಡರಿಸಲಿಲ್ಲ. ಅದರಲ್ಲೂ ಶಾಲಿನ ಕಡೆ ಇದ್ದ ವಯಸ್ಸಾದವರು ಅಮ್ಮನ್ನ "ಮಾತಾಜಿ ಬೈಠಿಯೇ" ಅಂತ ಕೂರಿಸಿ, ಕಾಶ್ಮೀರದ ಸೂಜಿ ಕಸೂತಿ ಶಾಲಿನ ಹಿಂಬದಿ ತೋರಿಸಿ ಗಂಟು ಎಲ್ಲಿದೆ ಹುಡುಕಿ ಅಂದ್ರು, ಅಮ್ಮ ಕನ್ನಡಕ ಏರಿಸಿ ಹುಡುಕಿದ್ರೂ ಸಿಗ್ಲಿಲ್ಲ.

ಬಿಲ್ಲಿಂಗ್ ಹಳೇ ಕಾಲದ ಸರ್ಕಾರಿ ಪದ್ಧತಿ. ಆರಿಸಿದ ಜಾಗದಲ್ಲಿ ಚೀಟಿ ಬರೆದು ಕೊಡ್ತಾರೆ, ಅದನ್ನ ತಗೊಂಡು ಕ್ಯಾಶ್ ಕೌಂಟರಲ್ಲಿ ದುಡ್ಡು ಕಟ್ಟಿ, ಆಮೇಲೆ ಡೆಲಿವರಿ ಕೌಂಟರಲ್ಲಿ ಸಾಮಾನು ಇಸ್ಕೋಬೇಕು. ಮಾಲ್ ಅಭ್ಯಾಸ ಇರೋರಿಗೆ ನಿಧಾನ ಅನ್ಸಬಹುದು. ಎಲ್ಲಾ ಮಹಡಿ ನೋಡಿ ಮುಗಿಸಿ ಒಂದೇ ಸಲ ದುಡ್ಡು ಕಟ್ಟೋದು ವಾಸಿ, ಚೀಟಿಗಳನ್ನ ಜೋಪಾನ ಮಾಡಿ. ಪಿಂಗಾಣಿ ತಗೊಂಡ್ರೆ ಪ್ಯಾಕ್ ಮಾಡೋ ಮುಂಚೆ ನಿಂತು ನೋಡಿ, ವಿಮಾನದಲ್ಲಿ ತಗೊಂಡು ಹೋಗ್ತೀವಿ ಅಂತ ಬಾಯಿ ಬಿಟ್ಟು ಹೇಳಿ.

ಕರ್ನಾಟಕದಿಂದ ಹೋಗೋರಿಗೆ ಒಂದು ಮಾತು, ಮೈಸೂರು ಸಿಲ್ಕು, ಗಂಧದ ಕೆತ್ತನೆ ಅಲ್ಲಿ ತಗೊಳ್ಳೋ ಅವಶ್ಯಕತೆ ಇಲ್ಲ, ಅವಕ್ಕೆ ನಮ್ಮ ಕಾವೇರಿ ಎಂಪೋರಿಯಂ ಇದೆ. ನಮ್ಮ ಕಡೆ ಸುಲಭಕ್ಕೆ ಸಿಗದೇ ಇರೋದು ನೋಡಿ, ಕಚ್ಛದ ಕಸೂತಿ, ಬಸ್ತರಿನ ಎರಕದ ಗೊಂಬೆ, ಬನಾರಸ್, ಮಣಿಪುರದ ಕಪ್ಪು ಕಲ್ಲಿನ ಮಡಕೆ. ದೊಡ್ಡ ಬಜೆಟ್ ಇಲ್ಲದಿದ್ರೂ ಸಣ್ಣಪುಟ್ಟದ್ದು ಸಿಗತ್ತೆ, ನಾವು ಕೊನೆಗೆ ತಗೊಂಡಿದ್ದು ಎರಡೇ ಐಟಂ, ನಂಗೆ ಒಂದು ನೀಲಿ ತಟ್ಟೆ, ಅಮ್ಮಂಗೆ ಆ ಬಿದ್ರಿ ಡಬ್ಬಿ. ಬೀದರಲ್ಲೇ ಸಿಗತ್ತಲ್ಲ ಅಮ್ಮ ಅಂದ್ರೆ, "ಸಿಗ್ತೈತಿ, ಖರೇ, ಆದ್ರ ಇದನ್ನ ಇಲ್ಲಿ ತಗೋಬೇಕು ಅನ್ಸಿತು" ಅಂದ್ರು. ಸಾಧ್ಯ ಆದ್ರೆ ವಾರದ ಮಧ್ಯೆ ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೇ ಹೋಗಿ, ಆಗ ಕೌಂಟರ್‌ನೋರಿಗೂ ಮಾತಾಡೋಕೆ ಪುರುಸೊತ್ತು ಇರತ್ತೆ.